ಮುಳುಗಪ್ಪ ಕೈ ಬೀಸಲಿ

ಹೊಸಪೇಟೆ
ಫೆಬ್ರವರಿ 31, 2207

ಹಿರಿಯರಾದ ಹುಲಿಗೆಮ್ಮನವರಿಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ತಡೆಯಲಾರದೆ ನಮ್ಮವರು ಏಪ್ರಿಲ್, ಮೇ ತಿಂಗಳುಗಳಿಂದ ಒಂದಷ್ಟು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದ್ದಾರೆ. ಸೆಕೆ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೀವು ಕಟ್ಟಿದ ಆನಿಮೇಷನ್ ಸ್ಟುಡಿಯೊದಲ್ಲೇ ನನ್ನ ಕೆಲಸ. ನೀವು ಇದನ್ನು ಓದುವ ನಿಮ್ಮ ಕಾಲದಲ್ಲಿ ನನಗಿಂತ ಚಿಕ್ಕವರು. ಇಲ್ಲಿ ಮಾತ್ರ ಗೋಡೆಯ ಫೋಟೊದಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದೀರಿ. ಹಿಂದಿನ ಕಾಲಕ್ಕೆ ಬರೆದ ಈ ಪತ್ರ ನಿಮ್ಮ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಬರೆಯದೆ ಇರಲು ಆಗುತ್ತಿಲ್ಲ.

ನೀವು ಈಗ ಬಿಡಿಸುತ್ತಿರುವ ನೀರುನಾಯಿ ಮುಳುಗಪ್ಪ ಇನ್ನೂ ಬದುಕಿದ್ದಾನೆ. ನಿಮ್ಮ ಶಿಷ್ಯರು ಅವನಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು, ಅವರ ಶಿಷ್ಯರು ಪೆನ್ಸಿಲ್ಲನ್ನೇ ಬಿಟ್ಟರು, ಆಮೇಲೆ ಯಂತ್ರವೇ ಬಿಡಿಸತೊಡಗಿತು. ಯಂತ್ರಕ್ಕೆ ಮಾನ ಮರ್ಯಾದೆ ಎಲ್ಲಿಯದು? ಮುಳುಗಪ್ಪ ಚುನಾವಣೆಯಲ್ಲಿ ಮತ ಕೇಳಿದ, ತಂಬಾಕು ಮಾರಿದ. ರೋಸಿಹೋದ ಸ್ಟುಡಿಯೊದ ಹಿರಿಯರು ಒಂದು ಕಟ್ಟಳೆ ಮಾಡಿದರು: ನೀವು ಕೈಯಾರೆ ಬಿಡಿಸಿದ ಚಲನೆಗಳಿಂದ ಮಾತ್ರ ಯಂತ್ರ ಹೊಸದನ್ನು ಬೆಳೆಸಬೇಕು. ನಿಮ್ಮ ಆ ಮೂಲ ಚಿತ್ರಗಳನ್ನು ನಾವು ಬೀಜಗೆರೆ ಎನ್ನುತ್ತೇವೆ. ಬೀಜಗೆರೆಯಲ್ಲಿ ಇಲ್ಲದ್ದನ್ನು ಮುಳುಗಪ್ಪ ಮಾಡಲಾರ. ಯಂತ್ರವನ್ನೇ ಹಾಗೆ ಕಟ್ಟಿದ್ದಾರೆ, ನಾವು ತಲೆಕೆಳಗಾಗಿ ನಿಂತರೂ ಬದಲಿಸಲಾಗದು.

ಥಿಯೇಟರುಗಳು ಈಗ ಇಲ್ಲ. ಸಂಜೆಯಾದರೆ ಮನೆಯ ಒಂದು ಗೋಡೆ ತುಂಗಭದ್ರೆಯ ದಡವಾಗುತ್ತದೆ, ಬಂಡೆಯ ಮೇಲೆ ಮುಳುಗಪ್ಪ ಬಂದು ಕೂರುತ್ತಾನೆ. ಇದಕ್ಕೆ ಮನೆಚಿತ್ರ ಎಂದು ಹೆಸರು. ಒಂದೊಂದು ಮನೆಯಲ್ಲೂ ಒಂದೊಂದು ಕಥೆ, ಅಲ್ಲಿನ ಮಗುವಿನ ಜೊತೆ ಬೆಳೆಯುತ್ತಾ ಹೋಗುವ, ಕೊನೆಯೇ ಇಲ್ಲದ ಕಥೆ. ನನ್ನ ಮಗಳು ತುಂಗಿ ತಟ್ಟೆಯಲ್ಲಿನ ಹಾಗಲಕಾಯಿ ಪಲ್ಯ ತೋರಿಸಿ, ನೀನೇ ತಿನ್ನು ಎಂದು ಅವನನ್ನು ಪೀಡಿಸುತ್ತಿದ್ದಳು. ಅವನು ಮೂಗು ಮುಚ್ಚಿಕೊಂಡು ನೀರಿಗೆ ಹಾರುತ್ತಿದ್ದ. ಇವಳು ಬಿದ್ದು ಬಿದ್ದು ನಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಜ್ವರ ಬಂದು ತುಂಗಿ ತೀರಿಕೊಂಡಳು. ಅವಳಿಗೆ ಏಳು ವರ್ಷ.

ಮುಳುಗಪ್ಪ ಇನ್ನೂ ದಿನಾ ಬರುತ್ತಾನೆ. ಬಂಡೆಯ ಮೇಲೆ ಕೂತು, ನಮ್ಮ ಕೋಣೆಯೊಳಗೆ ಇಣುಕಿ, “ಎಲ್ಲಿಗೆ ಹೋದ್ಳು ನಮ್ ಹುಡುಗಿ? ಊಟದ ಹೊತ್ತಾತಲ್ಲ!” ಎನ್ನುತ್ತಾನೆ. ನನ್ನ ಹೆಂಡತಿ ಶರಣಮ್ಮ ಮೊದಮೊದಲು ಅಳುತ್ತಿದ್ದಳು. ಈಗ, “ಬರ್ತಾಳ, ತಡಿಯೋ ಯಪ್ಪಾ. ಆಕಿ ಬಂದ ಮ್ಯಾಲ ಎಲ್ಲಾರೂ ಕೂಡಿ ಉಣ್ಣೋಣು” ಎಂದು ಅವನಿಗೇ ಸಮಾಧಾನ ಹೇಳುತ್ತಾಳೆ. ಇಬ್ಬರೂ ಕಾಯುತ್ತಾ ಕೂರುತ್ತಾರೆ. ಗೋಡೆ ಆರಿಸಲು ಹೋದರೆ ಅಡ್ಡ ನಿಲ್ಲುತ್ತಾಳೆ. “ಆಕಿ ಒಂದ್ ಮಾತು ಹೇಳದ ಹೋದ್ಳು. ಈ ಮುಳುಗಪ್ಪನ್ನೂ ಹಂಗ ಕಳಿಸ್ತೀರೇನು?” ಎಂದು ಕೇಳುತ್ತಾಳೆ. ಮಗಳನ್ನು ಕಳೆದುಕೊಂಡೆ, ಹೆಂಡತಿಯನ್ನೂ ಕಳೆದುಕೊಳ್ಳುತ್ತೇನೆಂದು ಹೆದರಿಕೆಯಾಗಿದೆ.

ಬೀಜಗೆರೆಗಳನ್ನೆಲ್ಲ ಜಾಲಾಡಿದೆ. ಮುಳುಗಪ್ಪ ಕುಣಿಯುತ್ತಾನೆ, ಮುನಿಯುತ್ತಾನೆ, ಮೀನು ಕದಿಯುತ್ತಾನೆ. ಮುಳುಗಿದರೂ ಮರುಗಳಿಗೆಗೆ ತಲೆ ಎತ್ತುತ್ತಾನೆ. ಕೈ ಬೀಸಿ ಹೊರಟುಹೋಗುವುದು ಮಾತ್ರ ಅವನಿಗೆ ಬರುವುದಿಲ್ಲ. ನೀವು ಅದನ್ನೂ ಬಿಡಿಸಿದ್ದಿರಿ. ನಿಮ್ಮ ಮೊದಲ ಸಿನಿಮಾವನ್ನು ಶಾಲೆಯ ಮಕ್ಕಳಿಗೆ ತೋರಿಸಿದಾಗ, ಕೊನೆಯಲ್ಲಿ ಅವನು ಕೈ ಬೀಸಿ ಹೋದದ್ದನ್ನು ನೋಡಿ ಮಕ್ಕಳು ಗೊಳೋ ಎಂದು ಅತ್ತರಂತೆ. “ಮಕ್ಕಳನ್ನ ಅಳಸೋ ಸಿನಿಮಾ ನಮಗ ಬ್ಯಾಡ” ಎಂದು ನೀವು ಆ ಭಾಗ ಕತ್ತರಿಸಿ, ಹಾಳೆಗಳನ್ನೆಲ್ಲ ಹರಿದು ಹಾಕಿದಿರಂತೆ. ನಿಮ್ಮ ಕರುಣೆಯ ಕಥೆಯೆಂದು ಇದನ್ನು ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಕೇಳಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ.

ನನ್ನ ಲೆಕ್ಕ ಸರಿಯಿದ್ದರೆ ಆ ಪ್ರದರ್ಶನ ನಿಮಗೆ ಮುಂದಿನ ವಾರ. ಹುಲಿಗೆಮ್ಮನವರೇ, ಕೈ ಮುಗಿಯುತ್ತೇನೆ, ಆ ಹಾಳೆಗಳನ್ನು ಹರಿಯಬೇಡಿ, ನಮ್ಮ ಬೀಜಗೆರೆಗೆ ಉಳಿಸಿ. ಮುಳುಗಪ್ಪ ಒಮ್ಮೆ ತಿರುಗಿ ನೋಡಲಿ, ಕೈ ಬೀಸಲಿ, ಹೋಗಲಿ. ಮಕ್ಕಳು ಅಳುತ್ತಾರೆ, ಅಳಲಿ ಬಿಡಿ. ಅತ್ತು, ಮೂಗು ಒರೆಸಿಕೊಂಡು, ಮನೆಗೆ ಹೋಗಿ ಉಣ್ಣುತ್ತಾರೆ. ನಮ್ಮ ಶರಣಮ್ಮ ಹೊಟ್ಟೆ ತುಂಬ ಉಂಡು ಎಷ್ಟೋ ದಿನವಾಯಿತು.

ತುಂಗಿಯ ಅಪ್ಪ,
ಗವಿಸಿದ್ಧ