ಒಂದು ತಲೆ ಕಡಿಮೆ

ಕೆಲ್ಸೋ ಗ್ರೋವ್, ಅಯೋವಾ
ಮಾರ್ಚ್ ೯

ಪ್ರೀತಿಯ ಬರ್ನಿ,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಮಾರ್ಚ್ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಆಮೇಲೆ ಓದು. ನಾನೂ ನನ್ನ ಮಗಳು ಟ್ರೀನಾಳೂ ಹೇಗೋ ಓಡಾಡಿಕೊಂಡಿದ್ದೇವೆ. ಅರಿಝೋನಾದ ಬಿಸಿಲು ನಿನ್ನ ಮೊಣಕಾಲಿಗೆ ಒಗ್ಗಿದೆಯೆಂದು ತಿಳಿದು ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮ ಅಂಗಳದಲ್ಲಿ ಹಿಮ ಇನ್ನೂ ಕರಗಿಲ್ಲ.

ಇಪ್ಪತ್ತು ವರ್ಷ ನೀನು ನಡೆಸಿಕೊಂಡು ಬಂದ ಸಭೆಯನ್ನು ಈ ಸಲ ನಾನು ಹೇಗೆ ನಡೆಸಿದೆ ಎಂದು ತಾನೇ ನಿನ್ನ ಕುತೂಹಲ? ಅಧ್ಯಕ್ಷಗಿರಿಗೆ ಪಕ್ಷ ಯಾರನ್ನು ನಿಲ್ಲಿಸಬೇಕೆಂದು ದೇಶದಲ್ಲೇ ಮೊದಲು ಬಾಯಿಬಿಡುವವರು ನಾವು ಎಂಬ ಜಂಬ ನಮ್ಮೂರಿಗೆ ಎಂದಿನಂತೆಯೇ ಇತ್ತು. ಆದರೆ ಈ ವರ್ಷ ಊರು ಊರಾಗಿರಲಿಲ್ಲ ಕಣೇ. ಅದಕ್ಕೆ ಕಾರಣ ಗ್ರೇಡನ್ ಸ್ಟ್ರೌಟ್. ಶೀತಲ ಗೋದಾಮುಗಳಲ್ಲಿ ಕೋಟಿ ಕೋಟಿ ಮಾಡಿ ಈಗ ಅಧ್ಯಕ್ಷಗಿರಿಗೆ ಹೊರಟವನು. ಯಾರ ಮುಂದೆಯೂ ಚಂದಾಕ್ಕೆ ಕೈಯೊಡ್ಡುವುದಿಲ್ಲ, ಎಲ್ಲ ನನ್ನದೇ ದುಡ್ಡು ಎನ್ನುವುದೇ ಅವನ ಭಾಷಣದ ಮೊದಲ ಸಾಲು, ಕೊನೆಯ ಸಾಲೂ ಅದೇ. ಮುಚ್ಚಿಹೋಗಿದ್ದ ಪರದೆ ಅಂಗಡಿಯನ್ನು ಬಾಡಿಗೆಗೆ ಹಿಡಿದು ಪ್ರಚಾರದ ಕಚೇರಿ ಮಾಡಿ ದೀಪ ಹಚ್ಚಿಸಿದ. ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುವ ಕೆರೆಗತ್ತಿಯನ್ನು ತನ್ನ ಹೆಸರು ಅಚ್ಚು ಹಾಕಿಸಿ ಮನೆಮನೆಗೂ ಹಂಚಿದ. ಅವನನ್ನು ಬೈಯುವವರೂ ಬೆಳಿಗ್ಗೆ ಅದರಲ್ಲೇ ಗಾಜು ಕೆರೆದುಕೊಂಡು ಬಂದು ಬೈಯುತ್ತಿದ್ದರು. "ಆ ಮನುಷ್ಯ ನಮ್ಮೂರಿಗೆ ಒಂದು ಸಲಾನೂ ಕಾಲಿಟ್ಟಿಲ್ಲ, ಆದ್ರೆ ನನ್ ಮಲಗೋ ಕೋಣೆಗೆ ದಿನಾ ಬರ್ತಾನೆ, ಟೀವೀಲಿ! ನನ್ ಹೆಂಡ್ತಿ ನನಗಿಂತ ಅವನ ಮುಖಾನೇ ಜಾಸ್ತಿ ನೋಡಿರಬೇಕು," ಎಂದ ವರ್ಲಿನ್. ಹಂದಿ ಸಾಕುವ ವರ್ಲಿನ್ ನಿನಗೆ ನೆನಪಿರಬೇಕಲ್ಲ, ಅವನ ನಾಲಿಗೆ ಇನ್ನೂ ಹಾಗೇ ಇದೆ.

ವರ್ಲಿನ್ ಮತ್ತು ನಾನು ವೆಂಡೆಲ್ ಪ್ರಾಟ್ ಕಡೆ. ಅವನೂ ಕಣದಲ್ಲಿದ್ದ. ಹಳೆಯ ಗವರ್ನರು, ಪಾಪದ ಮನುಷ್ಯ. ಬಾಡಿಗೆ ಕಾರನ್ನು ತಾನೇ ಓಡಿಸಿಕೊಂಡು ನಮ್ಮ ಮನೆಗೆ ಮೂರು ಸಲ ಬಂದ. ಮೂರನೆಯ ಸಲ ಅಡುಗೆಮನೆಯಲ್ಲೇ ಕೂತು, "ಆರ್ಡಿಸ್, ಇನ್ನೊಂದು ತುಂಡು ಪೈ ಇದ್ರೆ ಕೊಡಿ, ಮಧ್ಯಾಹ್ನದ ಊಟ ಆಗಿಲ್ಲ," ಎಂದು ಕೇಳಿ ತಿಂದ. ಟ್ರೀನಾಳ ಕಾಯಿಲೆಯ ವಿಷಯ ಕೇಳಿ, ಇನ್ಸುಲಿನ್ ಬೆಲೆ ಎಷ್ಟೆಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡ. ಅವನ ಬಳಿ ಟೀವಿಗೆ ಹಾಕಲು ಕಾಸಿರಲಿಲ್ಲ, ಬರೆದುಕೊಳ್ಳಲು ಚೀಟಿ ಮಾತ್ರ ಇತ್ತು.

ಟ್ರೀನಾ ಸ್ಟ್ರೌಟ್ ಕಡೆ ಕೆಲಸಕ್ಕೆ ಸೇರಿದ್ದನ್ನು ನಿನಗೆ ತಿಳಿಸಿರಲಿಲ್ಲ. ನಾಚಿಕೆಯಾಗಿತ್ತು. ಮಾಂಸದ ಕಾರ್ಖಾನೆ ಮುಚ್ಚಿದ ಮೇಲೆ ಅವಳ ಆರೋಗ್ಯ ವಿಮೆಯೂ ಹೋಗಿತ್ತು. ಸೂಜಿಮದ್ದನ್ನು ಅರ್ಧರ್ಧ ಚುಚ್ಚಿಕೊಂಡು ದಿನ ತಳ್ಳುತ್ತಿದ್ದಳು. ಪರದೆ ಅಂಗಡಿಯವರು ಸಂಬಳದ ಜೊತೆಗೆ ವಿಮೆಯನ್ನೂ ಕೊಟ್ಟರು. "ಅಮ್ಮಾ, ನಿಮ್ಮ ವೆಂಡೆಲ್ ಒಳ್ಳೆಯವರೇ, ನಾನೇನ್ ಇಲ್ಲ ಅನ್ನಲ್ಲ. ಆದ್ರೆ ಒಳ್ಳೆತನಾನ ಸಿರಿಂಜಿಗೆ ಹಾಕ್ಕೊಳಕ್ಕಾಗಲ್ಲ," ಎಂದಳು. ಆ ಕೆಲಸಕ್ಕೆ ಒಂದು ಷರತ್ತಿತ್ತು. ತಂತಮ್ಮ ಸಭೆಯಲ್ಲಿ ಸ್ಟ್ರೌಟನನ್ನು ಗೆಲ್ಲಿಸಿದವರನ್ನು ಮುಂದಿನ ರಾಜ್ಯಗಳಿಗೆ ಕರೆದೊಯ್ಯುತ್ತಾರೆ. ಸೋತವರು ಮರುದಿನವೇ ಮನೆಗೆ.

ಸಭೆಯ ಸಂಜೆ ಶಾಲೆಯ ಆಟದ ಹಾಲಿನಲ್ಲಿ ನೂರಿಪ್ಪತ್ತು ಜನ ಸೇರಿದರು. ಬಾಗಿಲ ಬಳಿ ಸ್ಟ್ರೌಟ್ ಕಡೆಯವರು ಬಿಸಿ ಮಾಂಸದ ಸ್ಯಾಂಡ್‌ವಿಚ್ ಹಂಚುತ್ತಿದ್ದರು, ಮಕ್ಕಳನ್ನು ಆಡಿಸಲು ಇಬ್ಬರು ಆಯಾಗಳೂ ಇದ್ದರು. ನಮ್ಮ ಕಡೆಯಿಂದ ವರ್ಲಿನ್ ತಂದ ಒಂದು ಡಬ್ಬ ಬಿಸ್ಕತ್ತು. ನಾನು ಪಟ್ಟಿ ಹಿಡಿದು ನಡುವಿನ ಮೇಜಿನ ಬಳಿ ನಿಂತೆ. ಜನ ಎಂದಿನಂತೆ ತಂತಮ್ಮ ಅಭ್ಯರ್ಥಿಯ ಮೂಲೆಗೆ ಸರಿದರು. ನಮ್ಮ ಈ ಪದ್ಧತಿಯಲ್ಲಿ ಗುಟ್ಟು ಎಂಬುದಿಲ್ಲವಲ್ಲ. ಸಾಲ ಕೊಟ್ಟವನು, ಕೆಲಸ ಕೊಟ್ಟವಳು, ಹೆಂಡತಿ, ಪಾದ್ರಿ, ಎಲ್ಲರ ಕಣ್ಣೆದುರಿಗೇ ನಡೆದುಹೋಗಿ ನಿಲ್ಲಬೇಕು. ಮೂರನೆಯ ಅಭ್ಯರ್ಥಿ ಸೆನೆಟರ್ ಹಾಲಿಸ್ ಮೂಲೆಯಲ್ಲಿ ಐವತ್ತಮೂರು ಜನ. ಸ್ಟ್ರೌಟ್ ಮೂಲೆಯಲ್ಲಿ ನಲವತ್ತೊಂಬತ್ತು. ನೂರಕ್ಕೆ ಹದಿನೈದರ ಲೆಕ್ಕದಲ್ಲಿ ವೆಂಡೆಲ್ ಮೂಲೆ ಉಳಿಯಬೇಕಾದರೆ ಹದಿನೆಂಟು ತಲೆ ಬೇಕು, ಒಂದು ಕಡಿಮೆಯಾದರೂ ಮೂಲೆ ಮುರಿದು ಅಲ್ಲಿದ್ದವರು ಬೇರೆ ಮೂಲೆ ಹುಡುಕಿಕೊಳ್ಳಬೇಕು. ವರ್ಲಿನ್ ಗಟ್ಟಿಯಾಗಿ ಎಣಿಸಿದ. ಹದಿನೇಳಕ್ಕೆ ನಿಂತಿತು. ಮೂರು ಮೂಲೆಯೂ ಸೇರಿ ಒಟ್ಟಿನಲ್ಲಿ ಒಂದು ತಲೆ ಕಡಿಮೆ ಬರುತ್ತಿತ್ತು. "ಯಾರೋ ಸಿಗರೇಟಿಗೆ ಹೋಗಿರ್ಬೇಕು," ಎಂದು ಯಾರೋ ಕೂಗಿದರು. ಎರಡು ನಿಮಿಷ ಕಾದೆ. ಯಾರೂ ಬರಲಿಲ್ಲ. ಮೂಲೆ ಮುರಿಯಿತೆಂದು ಸಾರಿದೆ.

ಆಗ ಟ್ರೀನಾ ಹಾಲ್ ದಾಟಿ ನಮ್ಮ ಮೂಲೆಗೆ ಬಂದಳು ನೋಡು. ಹದಿನೇಳು ಜನರನ್ನೂ ಹೆಸರು ಹಿಡಿದು ಮಾತಾಡಿಸಿದಳು. ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿದವರೇ ಎಲ್ಲರೂ. ಸ್ಟ್ರೌಟನ ಮುಖ ನೋಡಿ ಯಾರೂ ಹೋಗಲಿಲ್ಲ, ಇವಳ ಮುಖ ನೋಡಿ ಒಂಬತ್ತು ಜನ ಹೋದರು. ನಾಲ್ವರು ಹಾಲಿಸ್ ಕಡೆ ನಡೆದರು, ಉಳಿದವರು ಕೋಟು ಹಾಕಿಕೊಂಡು ಮನೆಗೆ ಹೋದರು. ಸ್ಟ್ರೌಟ್ ಒಂದು ತಲೆಯಿಂದ ಗೆದ್ದ.

ಕುರ್ಚಿ ಮಡಚುವಾಗ ವರ್ಲಿನ್ ಇದ್ದಕ್ಕಿದ್ದಂತೆ ನಿಂತು, "ಅಲ್ಲ ಆರ್ಡಿಸ್, ನೀನ್ ಯಾವ ಮೂಲೇಲಿ ನಿಂತಿದ್ದೆ?" ಎಂದು ಕೇಳಿದ. ನಾನು ಹಣೆ ಚಚ್ಚಿಕೊಂಡೆ. ಊರಿನವರನ್ನೆಲ್ಲ ಎಣಿಸಿ ನನ್ನನ್ನೇ ಎಣಿಸಿಕೊಂಡಿರಲಿಲ್ಲ! ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಅರವತ್ತೆಂಟಕ್ಕೆ ಅರಳುಮರುಳು," ಎಂದ ವರ್ಲಿನ್. ಆದರೆ ಅವನು ಮಾತ್ರ ನಗಲಿಲ್ಲ, ಬಿಸ್ಕತ್ತಿನ ಡಬ್ಬದ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದ. ದಾಖಲೆಗೆ ಸಹಿ ಬಿದ್ದಾಗಿತ್ತು.

ಮುಂದಿನದನ್ನು ನೀನೂ ಪೇಪರಿನಲ್ಲಿ ಓದಿರುತ್ತೀಯ. ವೆಂಡೆಲ್ ಆ ವಾರವೇ ಕಣದಿಂದ ಹಿಂದೆ ಸರಿದ. ಸ್ಟ್ರೌಟ್ ಮುಂದಿನ ಎರಡು ರಾಜ್ಯಗಳಲ್ಲಿ ಸೋತು, ಬಹಳ ಕಲಿತೆ ಎಂದು ಟೀವಿಯಲ್ಲಿ ನಗುತ್ತಾ ಹೇಳಿ ತನ್ನ ಗೋದಾಮುಗಳಿಗೆ ಮರಳಿದ. ಕೆಲಸ ಮುಗಿಯಿತೆಂದು ಕೆಲಸದವರಿಗೆಲ್ಲ ಒಂದೇ ಒಕ್ಕಣೆಯ ಪತ್ರ ಬಂತು. ಟ್ರೀನಾಳ ವಿಮೆ ಫೆಬ್ರವರಿ ಕೊನೆಗೆ ಮುಗಿಯಿತು. ಈಗ ವೃದ್ಧಾಶ್ರಮದಲ್ಲಿ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ನನಗೆ ಆ ಸ್ಟ್ರೌಟನ ಮೇಲೆ ಸಿಟ್ಟು ಬರಬೇಕು. ಬರುತ್ತಿಲ್ಲ, ಅದೇ ನನಗೆ ಸಂಕಟ.

ನಿನ್ನ ಮೊಣಕಾಲು ಗಟ್ಟಿಯಾಗಿರಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ
ಆರ್ಡಿಸ್

ತಾ.ಕ. ನಾನು ಮರೆತಿರಲಿಲ್ಲ ಬರ್ನಿ. ವರ್ಲಿನ್ ಹದಿನೇಳು ಎಂದಾಗ ಹದಿನೆಂಟನೆಯವಳು ನಾನೇ ಎಂದು ನನಗೆ ಗೊತ್ತಿತ್ತು. ಮೂಲೆ ಮುರಿದರೆ ಜನ ಟ್ರೀನಾ ಮುಖ ನೋಡಿ ಹೋಗುತ್ತಾರೆಂದೂ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಸ್ಟ್ರೌಟ್ ನನಗೆ ಲಂಚ ಕೊಡಲಿಲ್ಲ, ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ಅವನ ಸ್ಯಾಂಡ್‌ವಿಚ್ಚನ್ನೂ ನಾನು ಮುಟ್ಟಲಿಲ್ಲ. ಕೇಳದವನಿಗೆ ನಾನೇ ಕೊಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ವೆಂಡೆಲ್ ಫೋನ್ ಮಾಡಿದ್ದ, ಥ್ಯಾಂಕ್ಸ್ ಹೇಳಲು. "ನಿಮ್ಮಲ್ಲಿ ಎಷ್ಟು ಜನ ಕಡಿಮೆ ಬಿದ್ರು, ಆರ್ಡಿಸ್?" ಎಂದು ಕೇಳಿದ. ಒಬ್ಬರು ಎಂದೆ. "ಹೋಗ್ಲಿ ಬಿಡಿ. ಪಾಪ, ಅವರಿಗೇನು ಕಷ್ಟ ಇತ್ತೋ ಏನೋ," ಎಂದ.