ಮುಂದಿನ ಸೀಟಿನಲ್ಲಿ ಕೂತ ಮಡಿಲ ಕಾಯಿ

ಹೊನ್ನವಳ್ಳಿ
ಸೋಮವಾರ, 17-2-2025

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಮಂಗಳಾ ಒಗ್ಗರಣೆ ಹಾಕಿಯೇ ಮುಗಿಸಿದಳೋ? ನಿನ್ನ ಸೊಸೆ ಕೆಟ್ಟವಳಲ್ಲ, ಒಳ್ಳೆಯ ಎಣ್ಣೆ ಕಂಡರೆ ಅವಳ ಕೈ ತಡೆಯುವುದಿಲ್ಲ ಅಷ್ಟೆ. ಈ ಕಾಲದಲ್ಲಿ ಕಾಗದ ಯಾಕೆ, ಫೋನ್ ಮಾಡಬಾರದಿತ್ತಾ ಎನ್ನುತ್ತೀಯ. ಮಾಡಿದರೆ ನಿನ್ನ ಮಗ ರೇಣುಕಪ್ರಸಾದ್ ಅದನ್ನು ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಡುತ್ತಾನೆ. ನಾವಿಬ್ಬರೂ ಮಾತಾಡುವುದನ್ನು ಡೈರಿಗೆ ಹಾಲು ಹಾಕಲು ಹೋಗುವವರೆಲ್ಲ ನಿಂತು ಕೇಳಿ, ತಮ್ಮ ಅಭಿಪ್ರಾಯವನ್ನೂ ಸೇರಿಸಿ ಮುಂದೆ ಹೋಗುತ್ತಾರೆ. ಈ ಸಲದ ವಿಷಯ ಜಗಲಿಯದ್ದಲ್ಲ. ಕನ್ನಡಕ ಹಾಕಿಕೊಂಡು ಒಳಗೆ ಕೂತು ಓದು.

ಸುದ್ದಿ ಏನಪ್ಪಾ ಅಂದರೆ, ನಿನ್ನ ತಂಗಿ ಈಗ ವ್ಯಾನು ಓಡಿಸುತ್ತಾಳೆ. ನಗಬೇಡ. ಐವತ್ತಾರನೇ ವಯಸ್ಸಿಗೆ ಲೈಸೆನ್ಸ್ ಬಂದಿದೆ. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ, ಆದರೆ ಕಾರ್ಡು ಅಸಲಿ. ನಮ್ಮ ಗಾಣದ ಎಣ್ಣೆ ಡಬ್ಬಿಗಳನ್ನು ಅಂಗಡಿಗಳಿಗೆ ಮುಟ್ಟಿಸುತ್ತಿದ್ದ ಡ್ರೈವರ್ ದಯಾನಂದ್ ನಿನಗೆ ಗೊತ್ತಲ್ಲ. ಅವನ ನಂಟರಲ್ಲಿ ಮದುವೆಯಾಗದವರು ಇನ್ನು ಯಾರೂ ಉಳಿದಿರಲಾರರು ಎಂದು ನಾನು ಲೆಕ್ಕ ಹಾಕಿ ಮುಗಿಸಿದ ಮೇಲೂ ಅವನಿಗೆ ಮದುವೆಯ ರಜೆ ಬೇಕಾಗುತ್ತಿತ್ತು. ಕಂಕುಳಲ್ಲಿ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ವ್ಯಾಪಾರ ಶುರು ಮಾಡಿದವಳು ನಾನು. ಮನೆ ಮುಂದೆ ಸ್ವಂತ ವ್ಯಾನು ನಿಲ್ಲಿಸಿಕೊಂಡು ಮತ್ತೆ ಬಸ್ಸಿಗೆ ಕಾಯುವುದು ಯಾವ ನ್ಯಾಯ? ಕಲಿಯುತ್ತೇನೆ ಅಂದೆ. ನಮ್ಮೆಜಮಾನರು 'ಈ ವಯಸ್ನಾಗೆ ಕೈಕಾಲು ಮುರ್ಕಂಡ್ರೆ ನೋಡ್ಕಳೋರು ಯಾರೇ?' ಅಂದರು. ನೋಡಿಕೊಳ್ಳಬೇಕಾದವರು ತಾವೇ ಎಂಬುದು ಅವರ ಮನಸ್ಸಿಗೆ ಬಂದಂತೆ ಕಾಣಲಿಲ್ಲ.

ಕಲಿಸಿದವಳು ಭಾಗ್ಯ ಅಂತ, ಹುಳಿಯಾರಿನ ಕಡೆಯ ಹಟ್ಟಿಯ ಹುಡುಗಿ. ಅವಳಪ್ಪ ಈಗಲೂ ಕುರಿ ಮೇಯಿಸುತ್ತಾನಂತೆ. ಮೊದಲ ದಿನ ನಾನು ಸ್ಟೀರಿಂಗ್ ಹಿಡಿದದ್ದು ನೋಡಿ 'ಅಮ್ಮಾ, ಅದೆಲ್ಲೂ ಓಡೋಗಲ್ಲ, ವಸಿ ಸಡ್ಲ ಬುಡಿ' ಅಂದಳು. ಇನ್ನೊಂದು ದಿನ ರಸ್ತೆ ತುಂಬ ಕುರಿಮಂದೆ ಅಡ್ಡ ಬಂತು. ನಾನು ಹಾರನ್ನಿಗೆ ಕೈ ಹಾಕಿದೆ. ಅವಳು ಕೈ ಹಿಡಿದಳು: 'ಹೊಡೀಬ್ಯಾಡಿ. ಹೊಡುದ್ರೆ ಗಾಡಿ ಕಡೀಕೇ ನುಗ್ತವೆ. ಸುಮ್ನೆ ನಿಂತ್ಕಳಿ, ಅವೇ ದಾರಿ ಬುಡ್ತವೆ.' ಹಾಗೇ ಆಯಿತು. ಈ ಪಾಠವನ್ನು ಮನೆಗೂ ತಂದು ನಮ್ಮೆಜಮಾನರ ಮೇಲೆ ಪ್ರಯೋಗಿಸಿದೆ. ವಾದ ಮಾಡಲಿಲ್ಲ, ಮುನಿಸಿಕೊಳ್ಳಲಿಲ್ಲ, ಸುಮ್ಮನೆ ಎದುರಿಗೆ ನಿಂತೆ. ಅವರೂ ದಾರಿ ಬಿಟ್ಟರು. ಈಗ ಪಕ್ಕದಲ್ಲಿ ಕೂತರೆ, ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ತುಳಿಯುತ್ತಾ ಬರುತ್ತಾರೆ.

ಅಕ್ಕಾ, ಒಂದು ಮಾತು ಹೇಳಲಾ? ಇಷ್ಟು ವರ್ಷ ನಿಮ್ಮೂರಿಗೆ ನಾನು ಬಂದದ್ದೆಲ್ಲ ಅವರ ಬೈಕಿನ ಹಿಂದೆ, ಒಂದೇ ಕಡೆ ಕಾಲಿಟ್ಟು ಕೂತು. ಬರುವಾಗ ರಸ್ತೆಯ ಒಂದು ಪಕ್ಕದ ತೋಟಗಳು, ಹೋಗುವಾಗ ಇನ್ನೊಂದು ಪಕ್ಕದ ತೋಟಗಳು, ಲೆಕ್ಕದ ಖಾತೆಯ ಹಾಗೆ ಎರಡೂ ಕಡೆ ಓದಿದ್ದೇನೆ. ಆದರೆ ಎದುರಿಗೆ ಏನು ಬರುತ್ತದೆ ಅಂತ ಕಂಡಿರಲಿಲ್ಲ. ಎದುರಿಗೆ ಇದ್ದದ್ದು ಅವರ ಅಂಗಿಯ ಬೆನ್ನು. ಮೊದಲ ಸಲ ಒಬ್ಬಳೇ ಓಡಿಸಿದ ದಿನ, ಎರಡು ಸಾಲು ತೆಂಗಿನ ನಡುವೆ ರಸ್ತೆ ಬಿಚ್ಚಿಕೊಳ್ಳುತ್ತಾ ನನ್ನ ಕಡೆಗೇ ಬರುತ್ತಿತ್ತು. ಒಂದು ಹೊಂಗೆ ಮರದಡಿ ಸುಮ್ಮನೆ ನಿಲ್ಲಿಸಿ ಸೀಬೆಹಣ್ಣು ತಿಂದೆ. ಕೆಲಸವೇನೂ ಇರಲಿಲ್ಲ. ಯಾಕೆ ನಿಲ್ಲಿಸಿದೆ ಅಂತ ಕೇಳುವವರೂ ಇರಲಿಲ್ಲ. ಆ ಹಣ್ಣಿನ ರುಚಿಯನ್ನು ಯಾವ ಲೆಕ್ಕಕ್ಕೆ ಬರೆಯಲಿ ಅಂತ ಇನ್ನೂ ಗೊತ್ತಾಗಿಲ್ಲ.

ಎಲ್ಲ ಸಲೀಸಾಗಿತ್ತು ಅಂತ ತಿಳಿಯಬೇಡ. ಹೋದ ತಿಂಗಳು ತಿಪಟೂರಿನ ನಮ್ಮ ಗಿರಾಕಿ ಗಿರಿಜಾಂಬಿಕಾ ಅವರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಡುವಾಗ ಅಕ್ಕಿ, ಬೆಲ್ಲ, ಕಾಯಿ ಹಾಕಿ ಮಡಿಲು ತುಂಬಿದರು. ಮಡಿಲ ಕಾಯಿಯನ್ನು ಎಣ್ಣೆ ಡಬ್ಬಿಗಳ ನಡುವೆ ಎಸೆಯಲಾಗುತ್ತದಾ? ನೆಲಕ್ಕಿಡಲಾಗುತ್ತದಾ? ಮರ್ಯಾದೆಯಾಗಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಊರು ಹತ್ತಿರವಾದಾಗ ಕೆರೆ ಏರಿಯ ಇಳಿಜಾರಿನಲ್ಲಿ ಒಂದು ಹಂಪು. ಕಾಯಿ ಜಾರಿ ಕೆಳಗೆ ಬಿತ್ತು, ಉರುಳಿತು, ನೇರವಾಗಿ ಬ್ರೇಕಿನ ಕೆಳಗೆ ಹೋಗಿ ಕೂತಿತು. ತುಳಿದರೆ ಬ್ರೇಕು ಕೆಳಗೆ ಹೋಗುವುದಿಲ್ಲ. ಎದುರಿಗೆ ಬಸ್ಸು. ದೇವರ ಹೆಸರು ನೆನಪಾಗಲಿಲ್ಲ, ಭಾಗ್ಯಳ ಹೆಸರು ನೆನಪಾಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಪಕ್ಕಕ್ಕೆ ತಿರುಗಿಸಿದೆ. ವ್ಯಾನು ರಸ್ತೆ ಬದಿಯ ತೆಂಗಿನ ಮಟ್ಟೆ ರಾಶಿಗೆ ಮೂತಿ ತೂರಿಸಿ ನಿಂತಿತು. ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದೆ. ಅಲ್ಲಿ ಕಾಯಿ ಸುಲಿಯುತ್ತಿದ್ದ ಚಿತ್ತಯ್ಯ ಸುಲಿಯುವ ಕಬ್ಬಿಣ ಬಿಟ್ಟು ಎದ್ದು ಬಂದು, 'ಯಾಕಮ್ಮೋ, ಒಂದ್ ಕಾಯಿ ಸುಲಿಸ್ಕಳಾಕೆ ಇಷ್ಟೊಂದ್ ಅವಸರ್ವಾ?' ಅಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದವಳೇ ಕಾಯಿಯನ್ನು ದೇವರ ಮುಂದಿಟ್ಟು, ಕೀಲಿಯನ್ನು ಮೊಳೆಗೆ ತಗುಲಿಹಾಕಿದೆ.

ಆಮೇಲೆ ಕೆಲವು ದಿನ ವ್ಯಾನನ್ನು ಮುಟ್ಟಲಿಲ್ಲ. 'ಸಾಕು ಬುಡು, ಆಸೆ ತೀರ್ತಲ್ಲ' ಅಂದರು ನಮ್ಮೆಜಮಾನರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಹೆದರಿದ್ದರು ಪಾಪ. ನನಗೂ ಸಾಕು ಅನ್ನಿಸಿತ್ತು. ದೇವರ ಮುಂದೆ ಇಟ್ಟಿದ್ದ ಆ ಕಾಯಿ ನೋಡುತ್ತಾ ಕೂತಾಗ ನೀನು ನೆನಪಾದೆ. ಭಾವ ಹೋದ ಮೇಲೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅವತ್ತು ಹೊರಡುವಾಗ ಅಭ್ಯಾಸದಂತೆ ನೀನೇ ತಟ್ಟೆ ಹಿಡಿದು ಬಂದೆ. ಬಾಗಿಲ ತನಕ ಬಂದವಳು ಏನೋ ನೆನಪಾದವಳಂತೆ ನಿಂತೆ. 'ಮಂಗಳಾ, ನೀನು ತುಂಬವ್ವ, ನಾನು ತುಂಬಬಾರ್ದು' ಎಂದು ಸೊಸೆಯ ಕೈಗೆ ತಟ್ಟೆ ಕೊಟ್ಟು ಅಡುಗೆ ಮನೆಗೆ ಹೋಗಿಬಿಟ್ಟೆ. ನಿನ್ನ ಹಿಂದೆ ಬರಬೇಕು ಅಂತಿದ್ದೆ, ಹೊರಗೆ ಬೈಕಿನ ಹಾರನ್ ಕೂಗುತ್ತಿತ್ತು. ಅಲ್ಲಿಂದಾಚೆ ನೀನು ಯಾರ ಮದುವೆಗೂ ಬರಲಿಲ್ಲ, ಯಾರ ಮನೆ ನಾಮಕರಣಕ್ಕೂ ಬರಲಿಲ್ಲ. ಕರೆದರೆ ಮಂಡಿನೋವು ಅನ್ನುತ್ತೀಯ. ನನ್ನ ಎಣ್ಣೆಗೆ ಬಗ್ಗದ ಮಂಡಿನೋವು ಯಾವುದು ಅಂತ ನನಗೆ ಗೊತ್ತಿಲ್ಲವಾ? ಇದನ್ನು ಯೋಚಿಸುತ್ತಾ ಎದ್ದು ಹೋಗಿ ಭಾಗ್ಯಳಿಗೆ ಫೋನ್ ಮಾಡಿದೆ. 'ಗಾಡೀದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ. ಕಾಯೀನ ಚೀಲಕ್ಕಾಕಿ ಕಟ್ಟಿ, ಹೊರಡಿ' ಅಂದಳು. ಮಾರನೇ ದಿನವೇ ಕೀಲಿ ಕೈಗೆ ತೆಗೆದುಕೊಂಡೆ. ತುರುವೇಕೆರೆಯ ತನಕ ಎರಡು ಸಲ ಹೋಗಿ ಬಂದಿದ್ದೇನೆ. ಅಲ್ಲಿಂದ ನಿಮ್ಮೂರು ದಬ್ಬೇಘಟ್ಟ ಎಷ್ಟು ದೂರ ಅಂತ ನಿನಗೆ ಹೇಳಬೇಕಾಗಿಲ್ಲ.

ಮಂಗಳಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ರೇಣುಕಪ್ರಸಾದನಿಗೆ ಬೇರೆ ಹೇಳುವುದೇನಿಲ್ಲ, ಹೇಗೂ ಬಾಗಿಲ ಹಿಂದೆ ನಿಂತಿರುತ್ತಾನೆ. ಬಿಸಿಲು ಏರುತ್ತಿದೆ, ಮಧ್ಯಾಹ್ನ ತೋಟಕ್ಕೆ ಹೋಗಬೇಡ.

ನಿನ್ನ ತಂಗಿ,
ಸುವರ್ಣ

ಮರೆತೆ ನೋಡು: ಭಾನುವಾರ ತಿಂಡಿ ಹೊತ್ತಿಗೆ ಬರುತ್ತೇನೆ, ಒಬ್ಬಳೇ. ಹೊರಗೆ ಹಾರನ್ ಹೊಡೆದು ಅವಸರ ಮಾಡುವವರು ಯಾರೂ ಇರುವುದಿಲ್ಲ. ಹೊರಡುವಾಗ ತಟ್ಟೆಯನ್ನು ಮಂಗಳಾಳ ಕೈಗೆ ಕೊಡಬೇಡ, ನೀನೇ ತುಂಬಬೇಕು. ಅವ್ವ ಹೋದ ಮೇಲೆ ನನಗೆ ತವರು ಅಂದರೆ ನಿನ್ನ ಕೈ. ಕಾಯಿ ಕಟ್ಟಲು ಚೀಲ ನಾನೇ ತರುತ್ತೇನೆ. ನಾನು ತುಂಬಬಾರದು ಅಂತ ಮತ್ತೆ ಅಡುಗೆ ಮನೆಗೆ ಹೋದೆಯೋ, ವ್ಯಾನನ್ನು ನಿಮ್ಮ ಬಾಗಿಲಿಗೆ ಅಡ್ಡ ನಿಲ್ಲಿಸುತ್ತೇನೆ, ಡೈರಿಗೆ ಹೋಗುವವರೆಲ್ಲ ನೋಡಲಿ. ವಾದ ಮಾಡುವುದಿಲ್ಲ, ಹಾರನ್ನೂ ಹೊಡೆಯುವುದಿಲ್ಲ. ನೀನು ಹೊರಗೆ ಬರುವ ತನಕ ಸುಮ್ಮನೆ ನಿಂತಿರುತ್ತೇನೆ.