ಎರಡು ಸುಳಿಯ ನೆತ್ತಿ

ಕೂದಲ ಡಾಕ್ಟರಿಗೆ, ಎದುರು ಸಾಲಿನ ಟೈಲರ್ ಮಾಡುವ ನಮಸ್ಕಾರ.

ಆರು ತಿಂಗಳು ನೀವು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಎರಡು ಹೊತ್ತು ನೆತ್ತಿಗೆ ಔಷಧಿ ಹಚ್ಚಿದೆ, ಊಟವಾದ ಮೇಲೆ ಮಾತ್ರೆ ನುಂಗಿದೆ, ನನ್ನದೇ ರಕ್ತ ತೆಗೆದು ನನ್ನ ತಲೆಗೇ ಚುಚ್ಚಿಸಿಕೊಂಡೆ. ಕೊನೆಗೆ ‘ಇನ್ನು ಕೂದಲು ನಾಟಿ ಮಾಡಿಸುವುದೊಂದೇ ದಾರಿ’ ಅಂದಿರಿ. ನಾನು ತಲೆಗೊಂದು ಬಟ್ಟೆ ಕಟ್ಟಿಕೊಂಡು ಹೊಲಿಗೆ ಮಿಷನ್ ಮುಂದೆ ಕೂತೆ.

ನಿನ್ನೆ ನಮ್ಮ ಯಜಮಾನರು ನಿಮ್ಮ ಜಾಹೀರಾತಿನ ಚೀಟಿ ತಂದರು. ಅದರಲ್ಲಿ ಮುಖವಿಲ್ಲದ ಎರಡು ಫೋಟೋ ಇವೆ. ಬೋಳು ನೆತ್ತಿಯ ಕೆಳಗೆ ‘ಮೊದಲು’, ಕೂದಲಿರುವ ನೆತ್ತಿಯ ಕೆಳಗೆ ‘ಆಮೇಲೆ’. ಎರಡೂ ನನ್ನವೇ. ನಾನು ಬಂದ ಮೊದಲ ದಿನ ತೆಗೆದದ್ದು ‘ಆಮೇಲೆ’ ಆಗಿದೆ, ಕೊನೆಯ ದಿನದ್ದು ‘ಮೊದಲು’ ಆಗಿದೆ.

ರವಿಕೆಯ ಹಿಂಭಾಗ ಮುಂದಕ್ಕೆ ಬಂದರೆ ನಾನು ಬಿಚ್ಚಿ ಮತ್ತೆ ಹೊಲಿದು ಕೊಡುತ್ತೇನೆ. ನೀವು ಎರಡು ಪದ ಅದಲು ಬದಲು ಮಾಡಿದರೆ ಸಾಕು.

ನನ್ನದೇ ಅನ್ನುವುದಕ್ಕೆ ಏನು ಗುರುತು ಅಂತ ಕೇಳುತ್ತೀರೇನೋ. ಕೂದಲಿರುವ ನೆತ್ತಿಯಲ್ಲಿ ಎರಡು ಸುಳಿ ಇವೆ, ನೋಡಿ. ‘ಎರಡು ಸುಳಿ, ನಿನಗೆ ಎರಡು ಮದುವೆ ಕಣೇ’ ಅಂತ ಮದುವೆಯಾದ ಹೊಸತರಲ್ಲಿ ಯಜಮಾನರು ಅವುಗಳ ಮೇಲೆ ಬೆರಳಾಡಿಸಿ ನಗುತ್ತಿದ್ದರು. ನಿನ್ನೆ ಅದೇ ಬೆರಳನ್ನು ‘ಆಮೇಲೆ’ ಮೇಲಿಟ್ಟು, ‘ನೋಡು, ಆ ಹೆಂಗಸಿಗೆ ಎಷ್ಟು ಶ್ರದ್ಧೆ. ನೀನೂ ಇದ್ದೀಯ, ದಂಡಕ್ಕೆ’ ಅಂದರು. ಚೀಟಿಯನ್ನು ನಮ್ಮ ಕನ್ನಡಿಗೆ ಅಂಟಿಸಿದ್ದಾರೆ.

ಸರಿಯಾದ ಚೀಟಿ ಅಚ್ಚಾದ ಮೇಲೆ ಒಂದನ್ನು ಅವರ ಕೈಗೇ ಕೊಡಿ.

ಇತಿ,
ಆ ಹೆಂಗಸು